ಪೈಪು ಕಟ್ಟಿದ ಡಾಕ್ಟರಮ್ಮನವರ ಗಮನಕ್ಕೆ

ನನ್ನ ಗಂಡ ಕಳ್ಳ ಅನ್ನುವ ಸಂಗತಿ ನನಗೆ ಗೊತ್ತಾದದ್ದು ಒಬ್ಬರ ದವಡೆ ಹಲ್ಲು ಕೀಳುವುದಕ್ಕೂ ಇನ್ನೊಬ್ಬರ ಹುಳುಕು ಹಲ್ಲು ತುಂಬುವುದಕ್ಕೂ ನಡುವೆ ಸಿಕ್ಕ ಬಿಡುವಿನಲ್ಲಿ. ಹಲ್ಲಿನ ಕ್ಲಿನಿಕ್ಕಿನ ಮುಂದಿನ ಮೇಜು ನನ್ನದು. ಬಂದವರನ್ನು ಕೂರಿಸುವುದು, ಬಾರದೆ ತಪ್ಪಿಸಿಕೊಂಡವರಿಗೆ ಫೋನ್ ಮಾಡುವುದು ನನ್ನ ಕೆಲಸ. ಡಾಕ್ಟರಮ್ಮ ಕೈಗವಸು ಕಳಚಿ ಹೊರಗೆ ಬಂದು, ತಮ್ಮ ಫೋನನ್ನು ನನ್ನ ಮುಂದೆ ಹಿಡಿದರು.

"ಇವ್ರು ನಿಮ್ಮ ಯಜಮಾನ್ರಲ್ವೇನಮ್ಮಾ?"

ಫೋಟೋದಲ್ಲಿ ಇದ್ದದ್ದು ಸಾಕ್ಷಾತ್ ನಮ್ಮ ಯಜಮಾನರೇ. ಸಾಲ ಕೊಡುವ ಆ್ಯಪ್ ಕೇಳಿತೆಂದು ತಾವೇ ತೆಗೆದುಕೊಟ್ಟ ಸೆಲ್ಫಿ ಅದು ಅಂತ ಆಮೇಲೆ ತಿಳಿಯಿತು. ಮದುವೆಯ ಫೋಟೋದಲ್ಲೂ ಅಷ್ಟು ಗಂಭೀರವಾಗಿ ನಿಂತವರಲ್ಲ. ಹಣೆಯ ಮೇಲೆ ಕೆಂಪಕ್ಷರದಲ್ಲಿ 'ಕಳ್ಳ' ಅಂತಿತ್ತು. ಕೆಳಗೆ ಒಕ್ಕಣೆ: 'ಪ್ರಿಯ ಪೈಪು ಕಟ್ಟಿದ ಡಾಕ್ಟರಮ್ಮ, ನಿಮ್ಮ ಆಪ್ತನಾದ ಈ ವ್ಯಕ್ತಿ ನಮ್ಮ ಹಣ ನುಂಗಿ ಓಡಿಹೋಗಿದ್ದಾನೆ. ಇವನನ್ನು ಮನೆಯೊಳಗೆ ಬಿಡಬೇಡಿ.'

"ಕಳ್ಳ ಅನ್ನೋದನ್ನ ನಾನು ನಂಬಲ್ಲ ಬಿಡಿ. ಆದ್ರೆ ಈ ಪೈಪು ಕಟ್ಟಿದ ಡಾಕ್ಟರಮ್ಮ ಅಂದ್ರೆ ಯಾರು? ನಾನಾ?"

ಹೌದು, ಅವರೇ. ನಮ್ಮವರು ವಾಷಿಂಗ್ ಮೆಷಿನ್ ರಿಪೇರಿ ಮಾಡುತ್ತಾರೆ. ಮನುಷ್ಯರ ಹೆಸರು ಅವರ ತಲೆಯಲ್ಲಿ ನಿಲ್ಲುವುದಿಲ್ಲ, ಮೆಷಿನ್ನಿನ ಕಾಯಿಲೆ ಮಾತ್ರ ನಿಲ್ಲುತ್ತದೆ. ಹಾಗಾಗಿ ಗಿರಾಕಿಗಳ ನಂಬರನ್ನೆಲ್ಲ ಕಾಯಿಲೆಯ ಹೆಸರಿನಲ್ಲೇ ಸೇವ್ ಮಾಡಿಕೊಳ್ಳುತ್ತಾರೆ. ಬಾಗಿಲು ಜಾಮ್ ಮೇಷ್ಟ್ರು. ಗಡಗಡ ಅಜ್ಜಿ. ಒಳಗೆ ಇಲಿ ವಕೀಲರು. ಡಾಕ್ಟರಮ್ಮನ ಮನೆಯಲ್ಲಿ ನೀರು ಹೊರಗೆ ಹೋಗುವ ಪೈಪು ಯಾವುದೋ ಕಾಲದಲ್ಲಿ ಕಟ್ಟಿಕೊಂಡಿತ್ತು, ಅಷ್ಟೆ. ಆ್ಯಪ್ಪಿನ ವಸೂಲಿಯವರು ಫೋನಿನಲ್ಲಿದ್ದ ಹೆಸರುಗಳನ್ನೆಲ್ಲ ಬಾಚಿಕೊಂಡು, ಒಬ್ಬೊಬ್ಬರನ್ನೂ ಅವರವರ ಕಾಯಿಲೆ ಹಿಡಿದು ಕರೆದು, ನಮ್ಮ ಮನೆಯ ಮಾನವನ್ನು ಊರಿಗೆಲ್ಲ ಹಂಚಿದ್ದರು. 'ಅನುಮತಿ ಕೊಡುತ್ತೀರಾ?' ಅಂತ ಆ್ಯಪ್ ಕೇಳಿದಾಗ ನಮ್ಮವರು ಓದದೆ ಹೂಂ ಅಂದಿದ್ದರು. ಬರುವಾಗ ತರಕಾರಿ ತನ್ನಿ ಅಂತ ನಾನು ಹೇಳಿದರೆ ಅದೇ ಹೂಂ ಹೊರಡಲು ಅರ್ಧ ದಿನ ಬೇಕು.

ಸಂಜೆಯೊಳಗೆ ನನಗೆ ಇನ್ನೊಂದು ವಿಷಯ ತಿಳಿಯಿತು. ಮೆಸೇಜು ನಿನ್ನೆಯೇ ಹೊರಟಿತ್ತು. ನನ್ನ ಅಣ್ಣನಿಗೆ ಬಂದಿತ್ತು. ಅತ್ತೆಗೆ ಬಂದಿತ್ತು, ಅವರು ಮಗನ ಫೋಟೋ ಚೆನ್ನಾಗಿ ಬಂದಿದೆ ಅಂದುಕೊಂಡು, ಕನ್ನಡಕ ಹಾಕಿಕೊಂಡ ಮೇಲೆ ಅತ್ತರಂತೆ. ಇಸ್ತ್ರಿ ಅಂಗಡಿಯವನಿಗೆ ಬಂದಿತ್ತು. ಬಾರದಿದ್ದದ್ದು ಒಬ್ಬಳಿಗೆ, ಕಟ್ಟಿಕೊಂಡ ಹೆಂಡತಿಗೆ.

ಮನೆಗೆ ಹೋದಾಗ ಅವರು ಸತ್ತ ಮೆಷಿನ್ನುಗಳ ನಡುವೆ ಕೂತಿದ್ದರು. ನಮ್ಮ ನಡುಮನೆಯಲ್ಲಿ ಸೋಫಾ ಇರಬೇಕಾದ ಕಡೆ ವಾಷಿಂಗ್ ಮೆಷಿನ್ನುಗಳಿವೆ. 'ಒಂದಿನ ರೆಡಿ ಮಾಡಿ ಮಾರ್ತೀನಿ' ಅಂತ ಗಿರಾಕಿಗಳು ಬಿಸಾಕಿದ್ದನ್ನೆಲ್ಲ ತಂದು ಸಾಲಾಗಿ ನಿಲ್ಲಿಸಿದ್ದಾರೆ. ಆ ಒಂದಿನ ಬಂದಿಲ್ಲ. ಇಷ್ಟೆಲ್ಲ ಮೆಷಿನ್ ಇರುವ ಮನೆಯಲ್ಲಿ ನಾನು ಬಟ್ಟೆ ಒಗೆಯುವುದು ಕೈಯಲ್ಲಿ.

"ಎಷ್ಟು ಆ್ಯಪ್ಪು?" ಅಂದೆ.

"ಮೊದಲು ಒಂದೇ ಇತ್ತು ಕಣೇ."

ಎಲ್ಲದಕ್ಕೂ ಕಾರಣ ಅವರ ಬಾಯಲ್ಲಿ ಸದಾ ಕೂತಿರುವ ಒಂದು ಮಾತು: 'ನಂದು ಗ್ಯಾರಂಟಿ.' ಊರವರು ಅವರನ್ನು ಕರೆಯುವುದೇ ಗ್ಯಾರಂಟಿ ಅಂತ. ಅಗ್ಗಕ್ಕೆ ಸಿಕ್ಕಿತೆಂದು ಮೆಷಿನ್ನಿನೊಳಗಿನ ಸರ್ಕ್ಯೂಟ್ ಬೋರ್ಡುಗಳ ಒಂದು ಕಂತೆ ತಂದು ಹತ್ತಾರು ಮನೆಯ ಮೆಷಿನ್ನಿಗೆ ಹಾಕಿದ್ದರು. ಅವು ಒಂದರ ಹಿಂದೊಂದು ಸುಟ್ಟವು. ಮಾಲು ಕೆಟ್ಟದ್ದು, ನಾನು ಮೋಸಹೋದೆ, ಅರ್ಧ ನೀವು ಹಾಕಿ ಅಂತ ಹೇಳಿದ್ದರೆ ಗಿರಾಕಿಗಳು ಗೊಣಗಿಕೊಂಡು ಒಪ್ಪುತ್ತಿದ್ದರು. ಆದರೆ ಗ್ಯಾರಂಟಿ ಮಹಾಶಯರ ಮರ್ಯಾದೆ ಏನಾಗಬೇಕು? ಕೈಯಿಂದ ದುಡ್ಡು ಹಾಕಿ ಒಳ್ಳೆಯ ಬೋರ್ಡು ತರಿಸಿದರು. ಕೈ ಖಾಲಿಯಾದಾಗ ಆ್ಯಪ್ ಸಿಕ್ಕಿತು.

ಆ್ಯಪ್ ಬಲು ಉದಾರಿ. ಜಾಮೀನು ಬೇಡ, ಕಾಗದ ಬೇಡ, ಮುಖ ತೋರಿಸಿದರೆ ಸಾಕು. ಕೊಡುವಾಗಲೇ ಸೇವಾ ಶುಲ್ಕವೆಂದು ಕಾಲು ಭಾಗ ಹಿಡಿದುಕೊಂಡು, ವಾರ ತುಂಬುವಷ್ಟರಲ್ಲಿ ಪೂರ್ತಿ ವಾಪಸು ಕೇಳುತ್ತದೆ. ಯಾವ ಸೇವೆಯೋ ದೇವರೇ ಬಲ್ಲ. ಆಗ ಎರಡನೆಯ ಆ್ಯಪ್ 'ಚಿಂತೆ ಬೇಡ ಗೆಳೆಯ' ಅಂತ ಹಲ್ಲುಕಿರಿದುಕೊಂಡು ಬರುತ್ತದೆ. ಅದನ್ನು ತೀರಿಸಲು ಮೂರನೆಯದು. ನಮ್ಮವರಿಗೆ ಹುಟ್ಟಿದಾಗಿನಿಂದ ಇಷ್ಟು ಗೆಳೆಯರು ಇರಲಿಲ್ಲ.

"ಈ ನಂಬರ್ ಬಿಸಾಕ್ತೀನಿ. ಹೊಸ ಸಿಮ್ ತಗೊಳ್ತೀನಿ," ಅಂದರು.

"ಬಿಸಾಕಿ. ಊರಿನ ಎಲ್ಲ ಮೆಷಿನ್ನಿನ ಬೆನ್ನಿಗೂ ಅದೇ ನಂಬರಿನ ಸ್ಟಿಕ್ಕರ್ ಅಂಟಿಸಿದೀರಲ್ಲ, ಅದನ್ನ ಯಾವಾಗ ಕಿತ್ಕೊಂಡು ಬರ್ತೀರಿ?"

ನಮಗೆ ಅಂಗಡಿಯಿಲ್ಲ, ನಾಮಫಲಕವಿಲ್ಲ. ಆ ನಂಬರೇ ಅಂಗಡಿ. ಜನ ಫೋನ್ ಮಾಡಿ, ಬಾಗಿಲು ತೆಗೆದು, ಬಚ್ಚಲಮನೆಯ ತನಕ ಬಿಟ್ಟರೆ ಮಾತ್ರ ನಮ್ಮ ಒಲೆ ಹೊತ್ತುತ್ತದೆ. ಕಳ್ಳ ಅಂತ ಹಣೆಯಲ್ಲಿ ಬರೆದವನನ್ನು ಯಾರು ಒಳಗೆ ಬಿಡುತ್ತಾರೆ? ಅವತ್ತು ಬೆಳಿಗ್ಗೆಯಿಂದ ಒಂದು ಫೋನೂ ಬಂದಿರಲಿಲ್ಲ. ನನಗೆ ನಿಜವಾಗಿ ಹೆದರಿಕೆಯಾದದ್ದು ಆಗಲೇ.

ಅವರ ಫೋನ್ ಕಿತ್ತುಕೊಂಡು ನೋಡಿದೆ. ಹೆಸರುಗಳನ್ನು ಮೇಲಿನಿಂದ ಕೆಳಗಿನವರೆಗೆ ಸರಿಸಿದೆ. ಅಮ್ಮ ಇದ್ದರು, ನನ್ನ ಅಣ್ಣ ಇದ್ದ, ಗಡಗಡ ಅಜ್ಜಿ ಇದ್ದರು. ನಾನು ಇರಲಿಲ್ಲ. ಹೆಂಡತಿ ಅಂತಲೂ ಇಲ್ಲ, ಒಂದು ಕಾಯಿಲೆಯ ಹೆಸರಿನಲ್ಲೂ ಇಲ್ಲ. ಸಾಲ ತೆಗೆದುಕೊಳ್ಳುವ ಮುಂಚೆ ನನ್ನ ನಂಬರು ಅಳಿಸುವಷ್ಟು ಜಾಣತನ ಇವರಿಗೆ ಎಲ್ಲಿಂದ ಬಂತು ಅಂತ ಮೈಯೆಲ್ಲ ಉರಿಯಿತು. ಆದರೆ ಜಗಳಕ್ಕೆ ಪುರಸೊತ್ತಿರಲಿಲ್ಲ, ಗಿರಾಕಿಗಳಿಗೆ ಫೋನ್ ಮಾಡಬೇಕಿತ್ತು.

ಮರುದಿನ ಕ್ಲಿನಿಕ್ಕಿಗೆ ರಜೆ ಹಾಕಿ ಕೂತೆ. ಹಲ್ಲು ಕೀಳಿಸಿಕೊಳ್ಳಲು ಹೆದರಿ ಅವಿತವರನ್ನು ನಯವಾಗಿ ಎಳೆದು ತರುವ ಗಂಟಲು ನನ್ನದು. ಅದೇ ಗಂಟಲಿನಲ್ಲಿ ಒಬ್ಬೊಬ್ಬರಿಗೂ ಹೇಳಿದೆ: "ನಮಸ್ಕಾರ. ಮೆಷಿನ್ ರಿಪೇರಿ ಗ್ಯಾರಂಟಿಯವರ ಮನೆಯವರು ಮಾತಾಡ್ತಿರೋದು. ನಿಮಗೆ ಬಂದ ಮೆಸೇಜಿನಲ್ಲಿ ಸಾಲ ತಗೊಂಡಿದ್ದು ನಿಜ, ಓಡಿಹೋಗಿದ್ದು ಸುಳ್ಳು. ಇಲ್ಲೇ ಪಕ್ಕದಲ್ಲಿ ಕೂತಿದಾರೆ, ಬೇಕಾದ್ರೆ ಕೆಮ್ಮಿಸ್ತೀನಿ."

ನಮ್ಮವರು ಕೆಮ್ಮುತ್ತಿದ್ದರು.

ಗಡಗಡ ಅಜ್ಜಿಗೆ ಸಾಲದ ವಿಷಯ ತಲೆಗೇ ಹೋಗಲಿಲ್ಲ. "ಗಡಗಡ ಅಂದದ್ದು ಮೆಷಿನ್ನಿಗೋ ನನ್ನ ದನಿಗೋ?" ಅಂತ ಒಂದೇ ಪಟ್ಟು. ಬಾಗಿಲು ಜಾಮ್ ಮೇಷ್ಟ್ರು ಮೆಸೇಜಿನಲ್ಲಿದ್ದ ವ್ಯಾಕರಣದ ತಪ್ಪುಗಳ ಬಗ್ಗೆ ಬೇಸರಪಟ್ಟುಕೊಂಡರು. ವಕೀಲರು, "ಇಲಿ ಇದ್ದದ್ದು ಮೆಷಿನ್ನಿನೊಳಗೆ ಅಂತ ಸ್ಪಷ್ಟವಾಗಿ ಬರ್ಕೊಳ್ಳೋಕೆ ಹೇಳಿ," ಅಂದು, ಆಮೇಲೆ ದನಿ ತಗ್ಗಿಸಿ, ಇನ್ನು ಒಂದು ಪೈಸೆಯನ್ನೂ ಹೆದರಿ ಕಟ್ಟಬೇಡಿ, ಮೆಸೇಜುಗಳನ್ನು ಅಳಿಸಬೇಡಿ, ಸೀದಾ ಪೊಲೀಸರ ಹತ್ತಿರ ಹೋಗಿ ಅಂದರು. ಎಲ್ಲರೂ ಹೀಗೆ ಒಳ್ಳೆಯವರಾಗಿರಲಿಲ್ಲ. ಒಬ್ಬರು 'ಇನ್ಮೇಲೆ ಬರೋದು ಬೇಡ' ಅಂದು ಫೋನ್ ಇಟ್ಟರು. ನಮ್ಮವರು ಕೆಮ್ಮುವುದನ್ನು ನಿಲ್ಲಿಸಿ ಗೋಡೆ ನೋಡಿದರು.

ನಡುವೆ ವಸೂಲಿಯವನದೇ ಫೋನ್ ಬಂತು. ಹೆಂಗಸಿನ ದನಿ ಕೇಳಿದ್ದೇ ಅವನಿಗೆ ಹುಮ್ಮಸ್ಸು ಬಂತು. "ನಿನ್ ಗಂಡನ ಬಂಡವಾಳ ಊರಿಗೆಲ್ಲ ಹೇಳ್ತೀನಿ!" ಅಂತ ಕೂಗಾಡಿದ.

"ನಾನೇ ಹೇಳ್ತಿದೀನಿ ಸಾರ್, ಅರ್ಧ ಊರು ಮುಗೀತು. ದಯವಿಟ್ಟು ಲೈನಿನಲ್ಲಿರಿ," ಅಂತ ಫೋನನ್ನು ಮೆಷಿನ್ನಿನ ಮೇಲಿಟ್ಟು, ಅಡುಗೆಮನೆಗೆ ಹೋಗಿ ಚಹಾ ಮಾಡಿ ಕುಡಿದು ಬಂದೆ. ಇನ್ನೂ ಲೈನಿನಲ್ಲಿದ್ದ. ಪಾಪ, ಅವನಿಗೂ ಸಂಬಳ ಕೊಡುವುದು ಯಾವುದೋ ಆ್ಯಪ್ಪೇ ಇರಬೇಕು.

ಪೊಲೀಸ್ ಠಾಣೆಯಲ್ಲಿ ಇಂಥ ಮೋಸಗಳಿಗೆಂದೇ ಒಂದು ಮೇಜಿತ್ತು. ಅಲ್ಲಿದ್ದಾಕೆ ಎಲ್ಲ ಕೇಳಿ, ಆ್ಯಪ್ಪುಗಳಲ್ಲಿ ಒಂದಕ್ಕೆ ಮಾತ್ರ ಕಚೇರಿ, ವಿಳಾಸ ಎಲ್ಲ ಇದೆ, ಅವರ ಹತ್ತಿರ ಕಂತಿನ ಮಾತಾಡಿಕೊಳ್ಳಿ, ಉಳಿದವರ ಮೇಲೆ ದೂರು ಬರೆದುಕೊಳ್ಳುತ್ತೇನೆ ಅಂದರು. "ಒಂದು ಸಾಲ ತೀರಿಸೋಕೆ ಇನ್ನೊಂದು ಸಾಲ ಮಾತ್ರ ಮಾಡ್ಬೇಡಿ," ಅಂತ ನಮ್ಮವರ ಮುಖ ನೋಡಿ ಹೇಳಿದರು. ಆ ಮುಖದಲ್ಲಿ ಅಷ್ಟು ಸ್ಪಷ್ಟವಾಗಿ ಕಾಣುತ್ತಿತ್ತು ಅನ್ನಿಸುತ್ತದೆ.

ಕೊನೆಗೆ ಆಕೆ, "ನಿಮ್ಮ ಫೋನ್ ನಾವು ನೋಡೋಕೆ ಇಟ್ಕೊಳ್ತೀವಿ. ಮನೆಯವರ ನಂಬರ್ ಹೇಳಿ," ಅಂದರು.

ನಾನು ಬಾಯಿ ತೆರೆಯುವಷ್ಟರಲ್ಲಿ ನಮ್ಮವರು ನನ್ನ ನಂಬರನ್ನು ಗಡಗಡನೆ ಹೇಳಿಬಿಟ್ಟರು. ಕೊನೆಯಿಂದ ಮೊದಲಿಗೆ ಕೇಳಿದ್ದರೂ ಹೇಳುತ್ತಿದ್ದರೇನೋ. ನಾನು ಅವರನ್ನೇ ನೋಡಿದೆ.

"ಫೋನಿನಲ್ಲಿ ಇಲ್ವಲ್ಲ ಅದು?"

"ಯಾವತ್ತೂ ಇರ್ಲಿಲ್ಲ. ಬಾಯಲ್ಲೇ ಇರೋದನ್ನ ಯಾಕೆ ಸೇವ್ ಮಾಡ್ಬೇಕು?"

ಅಂದರೆ ಅಳಿಸಿರಲಿಲ್ಲ. ಹೆಸರು ನಿಲ್ಲದ ಆ ತಲೆಯಲ್ಲಿ ನನ್ನ ನಂಬರೊಂದು ನಿಂತಿತ್ತು, ಆ್ಯಪ್ಪಿಗೆ ಬಾಚಿಕೊಳ್ಳಲು ಸಿಗದ ಜಾಗದಲ್ಲಿ. ಅದು ತಿಳಿದದ್ದೇ, ಇಷ್ಟು ದಿನ ತಡೆದಿಟ್ಟ ಸಿಟ್ಟೆಲ್ಲ ಎರಡು ಪಟ್ಟಾಗಿ ಬಂತು.

"ಬಾಯಿಪಾಠ ಇತ್ತಲ್ಲ," ಅಂದೆ, ಠಾಣೆ ಅನ್ನುವುದನ್ನೂ ಮರೆತು. "ಯಾರ್ಯಾರೋ ಗೆಳೆಯರ ಹತ್ರ ಕೈ ಚಾಚೋ ಮುಂಚೆ ಆ ನಂಬರಿಗೆ ಒಂದ್ಸಲ ಮಾಡೋಕಾಗ್ಲಿಲ್ವಾ ನಿಮಗೆ?"

ಅವರು ತಲೆ ತಗ್ಗಿಸಿಕೊಂಡೇ ಹೇಳಿದರು. "ಗಿರಾಕಿ ಬಾಗಿಲು ಹಾಕ್ಕೊಂಡ್ರೆ ಪಕ್ಕದ ಮನೆಗೆ ಹೋಗ್ಬಹುದು ಕಣೇ. ನೀನು ಹಾಕ್ಕೊಂಡ್ರೆ?"

ಮೇಜಿನಾಕೆ ಕಾಗದದಲ್ಲಿ ಏನೋ ಬರೆಯುವುದಿದೆ ಅನ್ನುವಂತೆ ಬಗ್ಗಿದರು. ಮನೆಗೆ ಬಂದು, "ಆ ಒಂದಿನ ಇವತ್ತೇ," ಅಂತ ನಡುಮನೆಯ ಮೆಷಿನ್ನುಗಳನ್ನು ತೋರಿಸಿದೆ.

ಅವರು ಒಂದೊಂದನ್ನೇ ಬಿಚ್ಚಿ, ಬೆಳಗಿ, ನಿಲ್ಲಿಸಿದರು. ಮಾರಿ ಬಂದದ್ದರಲ್ಲಿ ವಿಳಾಸವಿದ್ದ ಆ್ಯಪ್ಪಿನ ಕಂತು ತೀರುತ್ತಾ ಬಂತು. ವಿಳಾಸವಿಲ್ಲದವರು ಇನ್ನೂ ಕೆಲವು ಕಾಲ ಬೈದು, ಬಯ್ಗುಳಕ್ಕೆ ಹೆದರುವ ಬೇರೆಯವರನ್ನು ಹುಡುಕಿಕೊಂಡು ಹೋದರು. ನಡುಮನೆಯಲ್ಲಿ ಕೊನೆಗೆ ಒಂದು ಮೆಷಿನ್ ಉಳಿಯಿತು. ಅದನ್ನು ಮಾರಲು ನಾನು ಬಿಡಲಿಲ್ಲ. ಈಗ ಅದರಲ್ಲಿ ನಮ್ಮ ಬಟ್ಟೆ ತಿರುಗುತ್ತದೆ, ಗಡಗಡ ಅಜ್ಜಿಯದಕ್ಕಿಂತ ಜೋರಾಗಿ.

ಗಿರಾಕಿಗಳೂ ಒಬ್ಬೊಬ್ಬರಾಗಿ ಮರಳಿದರು. "ಹಲೋ, ನಾನು ಬಾಗಿಲು ಜಾಮ್ ಮಾತಾಡ್ತಿರೋದು," ಅಂತ ಮೇಷ್ಟ್ರೇ ಗಂಭೀರವಾಗಿ ಹೇಳಿಕೊಳ್ಳುತ್ತಾರೆ. ಒಂದೆರಡು ಮನೆಯವರು ಇವತ್ತಿಗೂ ಕರೆಯುವುದಿಲ್ಲ. ಆ ಬೀದಿಯಲ್ಲಿ ನಮ್ಮವರು ಸ್ವಲ್ಪ ಬೇಗ ನಡೆಯುತ್ತಾರೆ.

ಮೊನ್ನೆ ಡಾಕ್ಟರಮ್ಮ ಒಬ್ಬರ ಬಾಯಿಗೆ ಸೂಜಿ ಹಾಕುತ್ತಿದ್ದಾಗ ನನ್ನ ಫೋನ್ ಬಡಿದುಕೊಂಡಿತು. ನಮ್ಮವರು. ಹಿಂದೆ ಯಾರದೋ ಬಚ್ಚಲಮನೆಯಲ್ಲಿ ನೀರು ಬೀಳುವ ಸದ್ದು.

"ಒಂದು ಬೋರ್ಡ್ ಸುಟ್ಟುಬಿಟ್ಟೆ ಕಣೇ. ವೈರ್ ತಪ್ಪಾಗಿ ಕೊಟ್ಟೆ. ನಂದೇ ತಪ್ಪು. ಈ ಮನೆಯವ್ರು ಹೊರಗಿದಾರೆ, ಅವ್ರಿಗಿನ್ನೂ ಹೇಳಿಲ್ಲ. ಮೊದಲು ನಿಂಗೇ ಮಾಡ್ದೆ."

ಊರಿಗಿಂತ ಮೊದಲು ನನಗೆ ಗೊತ್ತಾದ ಮೊದಲ ಸುದ್ದಿ ಅದು. ಕೆಟ್ಟ ಸುದ್ದಿ, ದುಡ್ಡು ಹೋಗುವ ಸುದ್ದಿ. ನಾನು ಮೂರ್ಖಳ ಹಾಗೆ ನಗುತ್ತಿದ್ದೆನಂತೆ; ಸರದಿಯಲ್ಲಿ ಕೂತವರೊಬ್ಬರು ಹಲ್ಲು ನೋವು ಮರೆತು ನೋಡುತ್ತಿದ್ದರು.

"ಲೈನಿನಲ್ಲಿರಿ," ಅಂದು, ಕುರ್ಚಿ ಎಳೆದುಕೊಂಡು ಕೂತೆ. "ಈಗ ಹೇಳಿ."