ಬಾಗಿಲಿಗೆ ಬೆನ್ನು

ಸೂರ್ಯ ಕೂಡ ಹುಟ್ಟುವ ಮುಂಚೆ ವಾಚ್ ಮೇಸ್ತ್ರಿಯ ಅಂಗಡಿಯೊಳಗೆ ಒಮ್ಮೆ ಇಣುಕಿ, ಟೈಮು ಎಷ್ಟಾಯಿತೆಂದು ಕೇಳಿಕೊಂಡು ಆಮೇಲೆ ಮೇಲೆ ಬರುತ್ತಿದ್ದ.

"ಇದು ಬಡಾಯಿ ಅಲ್ಲ ಮೇಡಂ," ಎಂದ ಮೇಸ್ತ್ರಿ. "ಒಂದಿನ ನಂಗೆ ಜ್ವರ, ಅಂಗಡಿ ತೆಗೀಲಿಲ್ಲ. ಅವತ್ತು ಬೆಳಕಾಗಿದ್ದು ಒಂಬತ್ತೂವರೆಗೆ. ಬೇಕಾದ್ರೆ ಬೀದೀಲಿ ಯಾರನ್ನಾದ್ರೂ ಕೇಳಿ."

ಫೆಂಗ್ ಶುಯ್ ಎಂಬ ಚೀನೀ ವಾಸ್ತು ನೋಡಲು ಬಂದಿದ್ದ ಹೆಂಗಸು ಯಾರನ್ನೂ ಕೇಳಲಿಲ್ಲ. ಹೊಸ್ತಿಲ ಮೇಲೆ ನಿಂತು, ಅಂಗೈಯಗಲದ ದಿಕ್ಸೂಚಿಯ ಮುಳ್ಳು ಕುಣಿದು ಕುಣಿದು ಸುಸ್ತಾಗುವುದನ್ನೇ ಕಾಯುತ್ತಿದ್ದಳು. ಹೆಗಲಲ್ಲಿ ಬಟ್ಟೆಯ ಚೀಲ, ಕಿವಿಯ ಸಂದಿಯಲ್ಲಿ ಪೆನ್ಸಿಲ್ಲು. ನೋಡಿದರೆ ಅಂಗಡಿ ಮುಂಗಟ್ಟುಗಳ ಅದೃಷ್ಟ ತಿದ್ದುವವಳಂತಿರಲಿಲ್ಲ. ಬಡಗಿಯ ಕಡೆಯಿಂದ ಅಳತೆಗೆ ಬಂದವಳಂತಿದ್ದಳು.

ಗೋಡೆಯ ತುಂಬ ಗಡಿಯಾರಗಳು. ಮೇಸ್ತ್ರಿಯ ಬಾಯಲ್ಲಿ ಅವು ಮುನ್ನೂರು, ಎಣಿಸಿದರೆ ಮೂವತ್ತೊಂದು. ಒಂದರಲ್ಲಿ ಹತ್ತೂಕಾಲು, ಇನ್ನೊಂದರಲ್ಲಿ ಮೂರಕ್ಕೆ ಐದು ನಿಮಿಷ, ಲೋಲಕದ ದೊಡ್ಡ ಗಡಿಯಾರದಲ್ಲಿ ಹನ್ನೆರಡು ದಾಟಿ ಒಂದು ಗೆರೆ. ಮೂವತ್ತೊಂದೂ ನಿಂತಿದ್ದವು.

"ಎಲ್ಲ ನಿಂತಿವೆಯಲ್ಲ?" ಎಂದಳು ಆಕೆ.

"ನಾನೇ ನಿಲ್ಲಿಸಿದ್ದು. ಎಲ್ಲ ಒಟ್ಟಿಗೆ ಹೊಡೆದ್ರೆ ಆಚೆ ಬೀದಿ ಗಾಜು ಒಡೆಯುತ್ತೆ ಅಂತ ದೂರು ಬಂದಿತ್ತು."

ಗಿರಾಕಿಗಳ ಬೆಂಚಿನ ಮೇಲೆ ಕೂತಿದ್ದ ಮೇಸ್ತ್ರಿಯ ಮಗಳು ಕಿಟಕಿಯ ಕಡೆ ಮುಖ ತಿರುಗಿಸಿಕೊಂಡಳು. ಅವಳು ಪ್ರತಿ ಶನಿವಾರ ಆಫೀಸು ಮುಗಿಸಿಕೊಂಡು ಬರುತ್ತಾಳೆ. ಬಂದು ಕೇಳುವುದು ಒಂದೇ ಮಾತು. ಇವತ್ತೂ ಅದನ್ನು ಕೇಳಿಯಾಗಿತ್ತು.

"ಅಪ್ಪ, ಅಮ್ಮನ ವಾಚು?"

"ಬರ್ತಾ ಇದೆ ಪುಟ್ಟಿ. ಅದರ ಸ್ಪ್ರಿಂಗು ಅಂಥಿಂಥ ಕಡೆ ಸಿಗಲ್ಲ. ಹಡಗಲ್ಲಿ ಬರ್ಬೇಕು."

"ಆರು ತಿಂಗಳಿಂದ ಬರ್ತಾ ಇದೆ ಆ ಹಡಗು. ಯಾರಾದ್ರೂ ಹುಟ್ಟು ಹಾಕ್ತಿದಾರೋ, ಇಲ್ಲ ಗಾಳಿಗೇ ಬಿಟ್ಟಿದಾರೋ?"

ಮೇಸ್ತ್ರಿ ನಕ್ಕು, ಟೀ ತರಿಸಲಾ ಎಂದಿದ್ದ. ಮಗಳು ಬೇಡ ಎಂದಿದ್ದಳು. ಅವಳು ಈ ಅಂಗಡಿಯಲ್ಲಿ ಟೀ ಕುಡಿದು ಹನ್ನೊಂದು ತಿಂಗಳಾಗಿತ್ತು. ಅಮ್ಮ ಹೋದ ದಿನ, ಮನೆಯ ತುಂಬ ಜನ ಕೂತಿದ್ದಾಗ, ಮೇಸ್ತ್ರಿ ಕಣ್ಣೊರೆಸಿಕೊಂಡು ಎಲ್ಲರಿಗೂ ಕೇಳುವಂತೆ ಹೇಳಿದ್ದ: "ಪಾಪ, ನಂಗೆ ಟೀ ಮಾಡಿಕೊಡ್ತಾ, ನನ್ನ ಚಿಮಟ ಒರೆಸಿ ಇಡ್ತಾ, ಹಾಗೇ ಜೀವ ಸವೆಸಿಬಿಟ್ಲು." ಆ ಮಾತು ಮಗಳಿಗೆ ಇನ್ನೂ ಅರಗಿರಲಿಲ್ಲ.

ಗಿರಾಕಿಗಳು ಕಡಿಮೆಯಾದದ್ದೂ ಅಲ್ಲಿಂದೀಚೆಗೇ. ಮೇಸ್ತ್ರಿ ಅದಕ್ಕೆ ಕೊಡದ ಕಾರಣವಿಲ್ಲ. ಎದುರಿನ ದೀಪದ ಕಂಬ ನೇರ ಬಾಗಿಲಿಗೆ ಈಟಿ ಹಿಡಿದಂತೆ ನಿಂತಿದೆ ಎಂದ. ಬಾಗಿಲಿಗೆ ಗಾಳಿಗಂಟೆ ಕಟ್ಟಿದ. ಬಾಯಲ್ಲಿ ನಾಣ್ಯ ಕಚ್ಚಿಕೊಂಡ ಮೂರು ಕಾಲಿನ ಕಪ್ಪೆಯ ಬೊಂಬೆ ತಂದ. ಅದರ ಮುಖ ಒಳಗಿರಬೇಕೋ ಹೊರಗಿರಬೇಕೋ ತಿಳಿಯದೆ ದಿನ ಬಿಟ್ಟು ದಿನ ತಿರುಗಿಸಿದ. ಗಿರಾಕಿ ಬರಲಿಲ್ಲ, ಕಪ್ಪೆಗೆ ತಲೆಸುತ್ತು ಬಂದಿದ್ದರೆ ಆಶ್ಚರ್ಯವಿಲ್ಲ. ಕೊನೆಗೆ, ಭೂಮಿಯ ಮೇಲೆ ಇದನ್ನು ಬಲ್ಲವಳು ಈಕೆಯೊಬ್ಬಳೇ ಎಂದು ತಾನೇ ಬೀದಿಗೆಲ್ಲ ಸಾರಿ, ಈ ಹೆಂಗಸನ್ನು ಕರೆಸಿದ್ದ.

ಆಕೆ ಒಳಗೆ ಬಂದು ಮೇಸ್ತ್ರಿಯ ಕುರ್ಚಿಯಲ್ಲಿ ಕೂತಳು. ಎತ್ತರದ ಕುರ್ಚಿ, ಪಕ್ಕದಲ್ಲೇ ಕಿಟಕಿ, ಮುಂದೆ ಅಗಲವಾದ ಮೇಜು. ಹಿಂದಕ್ಕೆ ಒರಗಿ ನೋಡಿದಳು, ಬಾಗಿಲ ಕಡೆ ನೋಡಿದಳು.

"ಹಿಂದೆ ಗಟ್ಟಿ ಗೋಡೆ, ಮುಂದೆ ಬಾಗಿಲು, ಪಕ್ಕದಿಂದ ಬೆಳಕು. ಯಜಮಾನ ಕೂರೋಕೆ ಇದಕ್ಕಿಂತ ಒಳ್ಳೇ ಜಾಗ ಇಲ್ಲ. ಇಲ್ಲಿ ದೋಷ ಏನೂ ಕಾಣ್ತಿಲ್ಲ."

"ನಾನು ಹೇಳಲಿಲ್ವಾ. ನನ್ನ ಕಡೆಯಿಂದ ಯಾವತ್ತೂ..."

"ಆದ್ರೆ ಈ ಮೇಜಿನ ಮೇಲೆ ಒಂದು ಗೀರೂ ಇಲ್ಲ," ಎಂದಳು ಆಕೆ. ಹಲಗೆಯ ಮೇಲೆ ಬೆರಳಾಡಿಸಿದಳು. ಅದು ಅಂಗಡಿಯಿಂದ ನಿನ್ನೆ ತಂದಂತೆ ಹೊಳೆಯುತ್ತಿತ್ತು. "ಇಷ್ಟು ವರ್ಷ ಕೆಲಸ ನಡೆದ ಮೇಜು ಹೀಗಿರಲ್ಲ ಯಜಮಾನ್ರೇ. ಕೆಲಸ ಎಲ್ಲಿ ನಡೀತಿತ್ತು?"

ಮೇಸ್ತ್ರಿಯ ಕೈ ತಾನಾಗಿ ಪರದೆಯ ಕಡೆ ಹೋಯಿತು. ಕುರ್ಚಿಯ ಹಿಂದಿನ ಗೋಡೆ ಮುಗಿಯುವಲ್ಲಿ ಒಳಕೋಣೆಗೆ ಹೋಗುವ ಬಾಗಿಲು, ಅದಕ್ಕೊಂದು ನೀಲಿ ಪರದೆ. ಅದನ್ನು ಪೂರ್ತಿ ಎಳೆದಿಡುವುದು ಅವನ ಇಪ್ಪತ್ತಾರು ವರ್ಷಗಳ ಅಭ್ಯಾಸ. ಅದನ್ನು ನಾಲ್ಕು ಬೆರಳಿನಷ್ಟು ತೆರೆದಿಡುವುದು ಹೆಂಡತಿಯ ಅಭ್ಯಾಸವಾಗಿತ್ತು. "ಎಷ್ಟು ಸಲ ಹೇಳ್ಬೇಕೇ, ಗಿರಾಕಿಗೆ ಕಾಣುತ್ತೆ, ಮುಚ್ಚೇ," ಎಂದು ಇವನು ಗದರುತ್ತಿದ್ದ. "ಗಾಳಿ ಬರ್ಲಿ ಬಿಡ್ರೀ," ಎನ್ನುತ್ತಿದ್ದಳು ಅವಳು.

"ಅದು ಸಾಮಾನಿನ ಕೋಣೆ ಮೇಡಂ. ಟೀ ಗೀ ಮಾಡೋ ಜಾಗ."

ಆಕೆ ಪರದೆ ಸರಿಸಿಕೊಂಡು ಒಳಗೆ ಹೋದಳು. ಮಗಳೂ ಎದ್ದು ಹಿಂದೆಯೇ ಹೋದಳು, ಕೊನೆಗೆ ಮೇಸ್ತ್ರಿಯೂ ಹೋದ.

ಒಳಗೆ ಕಿಟಕಿಯಿರಲಿಲ್ಲ. ಗೋಡೆಗೆ ಅಂಟಿಸಿದಂತೆ ಒಂದು ಗಿಡ್ಡ ಮೇಜು, ಅದರ ಮುಂದೆ ಮೋಟು ಸ್ಟೂಲು, ಮೇಲೆ ವೈರಿನಲ್ಲಿ ನೇತಾಡುವ ಬಲ್ಬು. ಮೇಜಿನಂಚು ಎರಡು ಕಡೆ ತಗ್ಗಾಗಿತ್ತು, ಮೊಣಕೈ ಊರಿ ಊರಿ. ಸ್ಟೂಲಿನ ಕೆಳಗೆ ಸಿಮೆಂಟು ನೆಲದ ಮೇಲೆ ಎರಡು ನುಣುಪು ಗುರುತು. ಗೋಡೆಯ ಮೇಲೆ, ಕೂತವರ ಕಣ್ಣಿನ ಮಟ್ಟಕ್ಕೆ, ಅಂಗೈಯಷ್ಟು ಕನ್ನಡಿ ಚೂರು. ಮೇಜಿನ ಮೂಲೆಯಲ್ಲಿ ಬೋರಲು ಹಾಕಿದ ಗಾಜಿನ ಲೋಟ.

"ಇಲ್ಲಿ ಕೂರ್ತಿದ್ದೋರು ಯಾರು?" ಎಂದಳು ಆಕೆ. "ಬಾಗಿಲಿಗೆ ಬೆನ್ನು, ಮುಖಕ್ಕೆ ಗೋಡೆ. ದುಡಿಯೋರನ್ನ ಹೀಗೆ ಕೂರಿಸಿದ್ರೆ ಅಂಗಡಿ ಅವರಿರೋವರೆಗೆ ಮಾತ್ರ ನಡೆಯುತ್ತೆ."

ಮಗಳು ಅಪ್ಪನನ್ನೇ ನೋಡುತ್ತಿದ್ದಳು.

"ನಾನೇ," ಎಂದ ಮೇಸ್ತ್ರಿ. "ಸೂಕ್ಷ್ಮ ಕೆಲಸ ನೋಡಿ. ಹೊರಗಿನ ಬೆಳಕು ಬಿದ್ರೆ ಸ್ಪ್ರಿಂಗು ನಾಚಿಕೊಳ್ಳುತ್ತೆ. ನಾನು ಇಲ್ಲಿ ಮೂರು ದಿನ ಮೂರು ರಾತ್ರಿ ಉಸಿರು ಬಿಗಿಹಿಡಿದು..."

"ಹಾಗಾದ್ರೆ ಒಂದ್ಸಲ ಕೂತು ತೋರಿಸಿ. ಎತ್ತರ ಅಳೀಬೇಕು."

ಮೇಸ್ತ್ರಿ ಕೂತ. ಕೂತ ಎನ್ನುವುದಕ್ಕಿಂತ ಮಡಚಿಕೊಂಡ. ಮೊಣಕಾಲು ಮೇಜಿನ ಅಡಿಗೆ ಹೋಗಲಿಲ್ಲ, ಹೊರಗೆ ಚಾಚಬೇಕಾಯಿತು. ನೆಲದ ಗುರುತುಗಳು ಅವನ ಪಾದದ ಅರ್ಧಕ್ಕೂ ಬರಲಿಲ್ಲ. ಕನ್ನಡಿಯಲ್ಲಿ ಕಂಡದ್ದು ಅವನ ಅಂಗಿಯ ಎರಡನೆಯ ಗುಂಡಿ. ಮಹಾರಾಜರ ಗಡಿಯಾರ ಕೂಡ ತನ್ನ ಕೈಗೆ ಬಂದು ಗುಣವಾಗಿದೆ ಎಂದು ಮೂರು ಬೀದಿ ನಂಬಿಸಿದ್ದ ಮನುಷ್ಯ, ಒಂದು ಸ್ಟೂಲಿನ ಮುಂದೆ ಸಿಕ್ಕಿಬಿದ್ದಿದ್ದ.

ಆಕೆ ಟೇಪು ತೆಗೆಯಲಿಲ್ಲ. ಕನ್ನಡಿಯನ್ನೇ ನೋಡುತ್ತಿದ್ದಳು.

"ಇದನ್ನ ಇಲ್ಲಿ ಹಾಕಿದ್ದು ಯಾರು? ಬಾಗಿಲಿಗೆ ಬೆನ್ನು ಮಾಡಿ ಕೂರೋರಿಗೆ ನಾವು ಹೇಳೋ ಪರಿಹಾರ ಇದು. ಹಿಂದೆ ಏನು ನಡೀತಿದೆ ಅಂತ ಕಾಣ್ಲಿ ಅಂತ. ಅವರಿಗೆ ಯಾರೂ ಹೇಳಿಕೊಟ್ಟಿರಲ್ಲ. ತಾವೇ ಕಂಡುಕೊಂಡಿದಾರೆ."

"ಅದು ತಲೆ ಬಾಚಿಕೊಳ್ಳೋಕೆ..." ಎಂದ ಮೇಸ್ತ್ರಿ. ಹಾಗೆಂದೇ ಅವನು ಇಷ್ಟು ವರ್ಷ ತಿಳಿದಿದ್ದ. ತಲೆ ತಗ್ಗಿಸಿ, ಹೆಂಡತಿಯ ಕಣ್ಣಿನ ಮಟ್ಟಕ್ಕೆ ಇಳಿದು ನೋಡಿದ.

ಆಕೆ ಒಳಬರುವಾಗ ಸರಿಸಿದ್ದ ಪರದೆ ತಾನಾಗಿ ಮರಳಿ, ನಾಲ್ಕು ಬೆರಳಿನಷ್ಟು ಸಂದಿ ಬಿಟ್ಟು ನಿಂತಿತ್ತು. ಕನ್ನಡಿಯಲ್ಲಿ ಆ ಸಂದಿಯೊಳಗೆ ಬಾಗಿಲು ಕಾಣುತ್ತಿರಲಿಲ್ಲ, ಬೀದಿ ಕಾಣುತ್ತಿರಲಿಲ್ಲ. ಅವನ ಕುರ್ಚಿ ಕಾಣುತ್ತಿತ್ತು. ಕುರ್ಚಿ ಮಾತ್ರ, ಅಳತೆ ಹಿಡಿದು ಕೂರಿಸಿದ ಹಾಗೆ.

ಆ ಕುರ್ಚಿಯಲ್ಲಿ ಕೂತು ಅವನು ಗಿರಾಕಿಯ ವಾಚನ್ನು ಕಿವಿಗೆ ಹಿಡಿದು ಕಣ್ಣು ಮುಚ್ಚುತ್ತಿದ್ದ. "ಉಸಿರಾಟ ಸರಿಯಿಲ್ಲ. ನಾಳೆ ಬನ್ನಿ, ಹೊಸ ಜೀವ ಕೊಟ್ಟಿರ್ತೀನಿ," ಎನ್ನುತ್ತಿದ್ದ. ಪರದೆಯ ಹಿಂದಿನಿಂದ ಚಿಮಟ ಮೇಜಿಗೆ ಬಡಿಯುತ್ತಿತ್ತು: ಟಕ್, ಟಕ್. ಎರಡು ಸಲ ಬಡಿದರೆ ಎರಡು ದಿನ ಬೇಕು ಎಂದರ್ಥ. "ನಾಳೆ ಬೇಡ, ನಾಳಿದ್ದು ಬನ್ನಿ," ಎಂದು ಇವನು ಗಂಭೀರವಾಗಿ ತಿದ್ದಿಕೊಳ್ಳುತ್ತಿದ್ದ. ಗಿರಾಕಿ ಹೋದಮೇಲೆ ಒಳಗಿನಿಂದ ನಗು ಕೇಳುತ್ತಿತ್ತು. ತನ್ನ ಮಾತು ಕೇಳಿ ನಗುತ್ತಾಳೆ ಎಂದುಕೊಂಡಿದ್ದ. ಅವಳು ನೋಡುತ್ತಿದ್ದಳು.

"ಇದು ಅವಳ ಜಾಗ," ಎಂದ. ದನಿ ಅವನದಲ್ಲದಂತಿತ್ತು. "ಕೆಲಸ ಬರ್ತಿದ್ದಿದ್ದು ಅವಳಿಗೆ. ಮಾವ ಕಲಿಸಿದ್ದು ಅವಳಿಗೆ. ನಂಗೆ ಸೆಲ್ ಹಾಕೋಕೆ, ಪಟ್ಟಿ ಬದಲಾಯಿಸೋಕೆ ಬರುತ್ತೆ, ಅಷ್ಟೇ. ಬಾಯಿ ಒಂದು ನಂದು."

ಫೆಂಗ್ ಶುಯ್ ಹೆಂಗಸು ದಿಕ್ಸೂಚಿಯನ್ನು ಚೀಲಕ್ಕೆ ಹಾಕಿಕೊಂಡಳು. "ಈ ಮೇಜನ್ನ ಬಾಗಿಲ ಕಡೆ ತಿರುಗಿಸಿ," ಎಂದಳು. ಸ್ವಲ್ಪ ತಡೆದು, "ಮುಂಚೇನೇ ತಿರುಗಿಸಬೇಕಿತ್ತು," ಎಂದು ಹೊರಟುಹೋದಳು. ಬಾಗಿಲ ಗಾಳಿಗಂಟೆ ಅವಳ ತಲೆಗೆ ತಾಗಿ ಸದ್ದು ಮಾಡಿತು.

ಮಗಳು ಗೋಡೆಗೆ ಒರಗಿ ನಿಂತಿದ್ದಳು. "ಅವತ್ತು ಎಲ್ಲರೆದುರಿಗೆ ಇದನ್ನೇ ಹೇಳಬಹುದಿತ್ತಲ್ಲ ಅಪ್ಪ. ಒಂದು ಮಾತು."

"ಹೇಳೋಣ ಅಂತಲೇ ಬಾಯಿ ತೆಗೆದೆ ಪುಟ್ಟಿ. ಬಾಯಿಗೆ ಹಳೇದೇ ಅಭ್ಯಾಸ. ಅದೇ ಬಂತು."

"ವಾಚು ಎಲ್ಲಿ?"

ಮೇಸ್ತ್ರಿ ಬೋರಲು ಲೋಟದ ಕಡೆ ನೋಡಿದ. ಮಗಳು ಬಗ್ಗಿದಳು. ಲೋಟದ ಕೆಳಗೆ, ಬಿಳಿ ಕಾಗದದ ಮೇಲೆ, ವಾಚಿನ ಹೊಟ್ಟೆಯಲ್ಲಿದ್ದದ್ದೆಲ್ಲ ಹರಡಿಕೊಂಡಿತ್ತು. ಹಲ್ಲಿನ ಚಕ್ರಗಳು, ಎಳ್ಳಿಗಿಂತ ಸಣ್ಣ ತಿರುಪುಗಳು, ಕೂದಲಿನಂಥ ಸ್ಪ್ರಿಂಗು ಸುರುಳಿ ಬಿಟ್ಟು ಸೊಟ್ಟಗಾಗಿತ್ತು. ಅಮ್ಮನ ಮಣಿಕಟ್ಟಿನ ಬೆವರಿಗೆ ಕಪ್ಪಾದ ಪಟ್ಟಿ ಪಕ್ಕದಲ್ಲಿ ಮಡಚಿಟ್ಟಿತ್ತು.

"ಹಡಗು ಗಿಡಗು ಏನಿಲ್ಲ," ಎಂದ ಮೇಸ್ತ್ರಿ. "ನೀನು ಕೊಟ್ಟ ವಾರವೇ ಬಿಚ್ಚಿದೆ. ಇಪ್ಪತ್ತಾರು ವರ್ಷ ಪಕ್ಕದಲ್ಲೇ ಇದ್ದವನು, ಒಂದಾದ್ರೂ ಬರದೆ ಇರುತ್ತಾ ಅಂದ್ಕೊಂಡೆ. ಒಂದು ತಿರುಪು ಬಿದ್ದುಹೋಯ್ತು. ದಿನಾ ಹುಡುಕ್ತೀನಿ. ಬೇರೆಯವರ ಹತ್ರ ಒಯ್ಯೋಣ ಅಂದ್ರೆ..."

ಬೇರೆಯವರ ಹತ್ತಿರ ಒಯ್ದರೆ ವಾಚ್ ಮೇಸ್ತ್ರಿಗೆ ವಾಚು ಬರುವುದಿಲ್ಲ ಎಂದು ಬೀದಿಗೆಲ್ಲ ತಿಳಿಯುತ್ತಿತ್ತು. ಅದು ಮಗಳಿಗೂ ಗೊತ್ತಾಯಿತು. ಅವಳು ಪಟ್ಟಿಯನ್ನು ಮಾತ್ರ ಎತ್ತಿಕೊಂಡು, ಬಿಚ್ಚಿ ನೋಡಿ, ಮೂರನೆಯ ತೂತಿನ ಹತ್ತಿರದ ಮಡಿಕೆಯನ್ನು ಬೆರಳಿನಿಂದ ಸವರುತ್ತ ನಿಂತಳು.

ಹೊರಗೆ ಗಾಳಿಗಂಟೆ ಮತ್ತೆ ಆಡಿತು.

"ಯಾರಿದ್ದೀರಾ?" ಎಂದಿತು ಒಂದು ಗಂಡಸಿನ ದನಿ. "ಇಲ್ಲೊಬ್ರು ಮೇಸ್ತ್ರಿ ಇದ್ದಾರಂತೆ. ಸತ್ತ ಗಡಿಯಾರಾನೂ ಎಬ್ಬಿಸ್ತಾರಂತೆ. ಬಹಳ ದೂರದಿಂದ ಬಂದಿದೀನಿ."

ಮೇಸ್ತ್ರಿ ಸ್ಟೂಲಿನಿಂದ ಅರ್ಧ ಎದ್ದ. ಕೈ ಅಂಗಿಯ ಕಾಲರು ಸರಿಮಾಡಿತು, ಗಂಟಲು ಸರಿಮಾಡಿಕೊಂಡಿತು. ನಾಲಿಗೆಯ ತುದಿಗೆ ಸೂರ್ಯನೂ ಬಂದ, ಮಹಾರಾಜರೂ ಬಂದರು. ಮಗಳು ಪಟ್ಟಿಯಿಂದ ಕಣ್ಣೆತ್ತಲಿಲ್ಲ.

ಅವನು ಮತ್ತೆ ಕೂತ. ತಲೆ ತಗ್ಗಿಸಿ ಕನ್ನಡಿಯಲ್ಲಿ ನೋಡಿದ. ಕುರ್ಚಿಯ ಪಕ್ಕ, ಗೋಡೆ ಗಡಿಯಾರವೊಂದನ್ನು ಹಳೆಯ ಟವೆಲಿನಲ್ಲಿ ಸುತ್ತಿ, ಮಗುವಿನ ಹಾಗೆ ಎತ್ತಿಕೊಂಡ ಒಬ್ಬ ಮುದುಕ ನಿಂತಿದ್ದ.

"ಮೇಸ್ತ್ರಿ ಇಲ್ಲಪ್ಪ," ಎಂದ ಅವನು, ಗೋಡೆಗೆ ಮುಖ ಮಾಡಿಕೊಂಡೇ. "ಮೇಸ್ತ್ರಿ ತೀರಿಹೋಗಿ ಹನ್ನೊಂದು ತಿಂಗಳಾಯ್ತು."

ಮುದುಕ ದನಿ ಎಲ್ಲಿಂದ ಬಂತೆಂದು ಹುಡುಕುವವನಂತೆ ಸುತ್ತ ನೋಡಿದ. ಆಮೇಲೆ, ಯಾರೋ ಈಗಷ್ಟೇ ಎದ್ದುಹೋದಂತಿದ್ದ ಆ ಖಾಲಿ ಕುರ್ಚಿಯನ್ನು ನೋಡಿದ. ಹೊರಡಲೆಂದು ತಿರುಗಿ, ಗಡಿಯಾರವನ್ನು ಒಂದು ತೋಳಿನಿಂದ ಇನ್ನೊಂದಕ್ಕೆ ಬದಲಿಸಿದ. ಅಲುಗಿದ್ದಕ್ಕೆ ಅದರ ಲೋಲಕ ಟವೆಲಿನೊಳಗೆ ಒಮ್ಮೆ ಎಚ್ಚೆತ್ತು, ಟಕ್, ಟಕ್ ಎಂದು ಎರಡು ಸಲ ಬಡಿದು ನಿಂತಿತು.