ಹಲ್ಲಿಗೆ ಸಿಕ್ಕ ಕಡಿವಾಣ

ನಾನು ಒಂದು ಕಡಿವಾಣ, ಕುದುರೆಯ ಬಾಯೊಳಗೆ ಅಡ್ಡವಾಗಿ ಕೂರುವ ಕಬ್ಬಿಣದ ಸರಳು. ನನ್ನ ಎರಡು ಬಳೆಗಳಿಗೆ ಲಗಾಮು ಕಟ್ಟಿ ಎಳೆದರೆ ಎಂಥ ಕುದುರೆಯೂ ನಿಲ್ಲಬೇಕು. ವಿಜಯಪುರದ ಕಮ್ಮಾರ ಮೌನೇಶಪ್ಪ ನನ್ನನ್ನು ಬಡಿಯುತ್ತಿದ್ದಾಗ, ಮಾಡಿಸಿಕೊಳ್ಳಲು ಬಂದ ಸಾಹುಕಾರ, "ಒಳಗ ಮುಳ್ಳು ಇಡು. ನಾಲಿಗಿ ಹರಿದ್ರ ಹರೀಲಿ," ಎಂದ. ಮೌನೇಶಪ್ಪ ಮುಖ ಗಂಟಿಕ್ಕಿದ. ಆದರೂ ಇಟ್ಟ.

ಹೀಗಾಗಿ ನನಗೆ ಮೊದಲು ಹತ್ತಿದ್ದು ರಕ್ತದ ರುಚಿ. ಸಾಹುಕಾರನ ಕುದುರೆ ಹುಲ್ಲು ಅಗಿಯಲಾರದೆ ಸೊರಗಿ ಸತ್ತಿತು. ಅವನು ಜೀಪು ಕೊಂಡ. ನಾನು ಟಾಂಗಾ ಹೊಡೆಯುವ ತುಕ್ಕಪ್ಪನ ಮನೆ ಸೇರಿದೆ.

ತುಕ್ಕಪ್ಪನ ಹೆಣ್ಣುಕುದುರೆಯ ಹೆಸರು ಚಂದ್ರಿ. ಅವನ ಮಗಳು ಅಂಬವ್ವ ನನ್ನ ಮುಳ್ಳುಗಳನ್ನು ಬೆರಳಿನಿಂದ ಮುಟ್ಟಿ ನೋಡಿದಳು. "ಇದನ್ನ ಬಾಯಾಗ ಇಟ್ಕೊಂಡು ನೀ ಒಂದು ರೊಟ್ಟಿ ತಿಂದು ತೋರ್ಸಪ್ಪಾ," ಎಂದವಳೇ ಅರ ಹಿಡಿದು ಕೂತು, ಎಲ್ಲವನ್ನೂ ಉಜ್ಜಿ ನುಣ್ಣಗೆ ಮಾಡಿದಳು.

ಮುಂದೆ ತುಕ್ಕಪ್ಪನಿಗೆ ಲಕ್ವಾ ಹೊಡೆದು ಒಂದು ಕೈ ಬಿದ್ದುಹೋಯಿತು. ಅಂಬವ್ವ ತಾನೇ ಟಾಂಗಾ ಕಟ್ಟಿಕೊಂಡು ಸ್ಟೇಷನ್ನಿಗೆ ಬಂದಳು. ಅಲ್ಲಿನ ಟಾಂಗಾದವರಿಗೆಲ್ಲ ಹಿರಿಯನಾದ ದುಂಡಪ್ಪ, ನಾಲ್ಕು ಜನರಿಗೆ ಕೇಳುವಂತೆ, "ತುಕ್ಕಪ್ಪ ಮಗಳಿಗೆ ಕಡಿವಾಣ ಹಾಕಬೇಕಿತ್ತು," ಎಂದ.

ನನ್ನ ಹೆಸರನ್ನು ಮನುಷ್ಯರ ಮೇಲೆ ಹಾಕಿದ್ದು ನಾನು ಕೇಳಿದ್ದು ಅದೇ ಮೊದಲು. ಮೈಯೆಲ್ಲ ಉರಿಯಿತು.

ಅಂಬವ್ವ ಸೀಟಿನಿಂದ ಇಳಿದಳು. "ಕಡಿವಾಣ ಅನ್ನೂ ಮಾತಿನಾಗ ಮೊದಲು ಏನೈತಿ, ಕಾಕಾ? ಕಡಿ ಐತಿ. ಕುದುರಿ ಹಲ್ಲಿನಾಗ ಇರ್ತೈತಲ್ಲ, ಅದಕ್ಕ. ಹಾಕಾಕ ಬಂದವ್ರು ಮೊದಲು ಹಲ್ಲಿನ ಹತ್ರ ಕೈ ತರಬೇಕಾಗ್ತೈತಿ."

ಯಾರೋ ಕಿಸಕ್ಕೆಂದರು. ದುಂಡಪ್ಪ ಸಿಟ್ಟಿಗೆದ್ದು ಲಗಾಮು ಕಿತ್ತುಕೊಂಡ. ಟಾಂಗಾವನ್ನು ಸ್ಟೇಷನ್ನಿನಿಂದಲೇ ಆಚೆ ಹೊಡೆದು ಬರುತ್ತೇನೆಂದು ಸೀಟು ಹತ್ತಿ ಜಗ್ಗಿದ.

ಆಗ ಚಂದ್ರಿ ನಾಲಿಗೆಯಿಂದ ನನ್ನನ್ನು ಹಿಂದಕ್ಕೆ ತಳ್ಳಿ ದವಡೆಹಲ್ಲಿನ ನಡುವೆ ಕಚ್ಚಿ ಹಿಡಿಯಿತು. ದುಂಡಪ್ಪ ಎಡಕ್ಕೆ ಎಳೆದ, ಬಲಕ್ಕೆ ಎಳೆದ, ಚಾವಟಿ ಬೀಸಿದ. ಚಂದ್ರಿ ನಿಂತಲ್ಲಿಂದ ಕದಲಲಿಲ್ಲ. ನಾನು ಜಾರಬಹುದಿತ್ತು, ಜಾರಲಿಲ್ಲ. ತಡೆಯಲೆಂದು ಹುಟ್ಟಿದವನು ತಡೆದೆ, ಆದರೆ ಎಳೆಯುವವನನ್ನು. ಕೊನೆಗೆ ಲಗಾಮಿನ ತೊಗಲು ಹರಿದು ದುಂಡಪ್ಪ ಅಂಗಾತ ಬಿದ್ದ.

ರೈಲು ಇಳಿದು ಬಂದ ಮುದುಕಿಯೊಬ್ಬಳು ಗಂಟು ಟಾಂಗಾದಲ್ಲಿಟ್ಟು, "ಗೋಳಗುಮ್ಮಟದ ಕಡಿ ಹೋಗ್ಬೇಕವ್ವಾ. ನೀನ ಹೊಡಿ," ಎಂದಳು. ಅಂಬವ್ವ ಹರಿದ ತೊಗಲಿಗೆ ಗಂಟು ಹಾಕಿ ಲಗಾಮು ಹಿಡಿದಳು. ಅಲ್ಲಿಂದ ಚಂದ್ರಿ ಸಾಯುವವರೆಗೂ ಅವಳನ್ನು ಆ ಸೀಟಿನಿಂದ ಯಾರೂ ಇಳಿಸಲಿಲ್ಲ.

ಈಗ ನಾನು ಗುಜರಿ ಅಂಗಡಿಯ ಮೂಲೆಯಲ್ಲಿದ್ದೇನೆ. ಅಂಗಡಿಯವನ ರೇಡಿಯೊದಲ್ಲಿ ದಿನವೂ ನನ್ನ ಹೆಸರು ಕೇಳಿಬರುತ್ತದೆ. ಹುಡುಗಿಯರ ಓಡಾಟಕ್ಕೆ ಕಡಿವಾಣ, ಮಾತಾಡುವವರಿಗೆ ಕಡಿವಾಣ. ನನ್ನನ್ನು ಕೇಳಿದವರು ಯಾರು? ನಾಳೆ ಕುಲುಮೆಗೆ ಹಾಕುತ್ತಾರಂತೆ, ಹಾಕಲಿ. ಮೊಳೆ ಮಾಡಲಿ, ಬಾಗಿಲ ತಿರುಗಣಿ ಮಾಡಲಿ, ಆಗಲಿ ಎನ್ನುವೆ. ಇನ್ನೊಬ್ಬರ ಬಾಯಿಗೆ ಹೋಗು ಎಂದರೆ ಮಾತ್ರ ಒಲ್ಲೆ.