ಬಂಗಲೆಯ ಮೆಟ್ಟಿಲ ಮೇಲೆ ನಿಂತವರು

ಅಪ್ಪನ ಮುಖದ ಕಂದುಬಣ್ಣ ತೆಗೆಯಲು ದಿವ್ಯಶ್ರೀ ಮತ್ತೊಮ್ಮೆ ಮೌಸ್ ಎಳೆದಳು. ಮುಖ ಬೂದುಬಣ್ಣವಾಯಿತು. ಇನ್ನಷ್ಟು ಎಳೆದಳು, ಹಸಿರಾಯಿತು.

"ಇನ್ನೂ ಆಗ್ಲಿಲ್ವೇನೇ?" ದೊಡ್ಡಪ್ಪ ಸಣ್ಣಸ್ವಾಮಿ ಸ್ಟುಡಿಯೋ ಬಾಗಿಲಲ್ಲಿ ನಿಂತಿದ್ದರು. "ಜಂಗಮರು ಬಂದು ಕೂತವ್ರೆ. ನಿಮ್ಮಪ್ಪನ್ನ ಕೂರ್ಸಕ್ಕೆ ವಿಮಾನ ಕಟ್ಟಿ ಆಯ್ತು. ಮುಂದೆ ಹಿಡ್ಕೊಂಡ್ ಹೋಗಕ್ಕೆ ಒಂದ್ ಫೋಟೋ ಬೇಡ್ವಾ?"

"ಬಣ್ಣ ವಾಪಸ್ ಬರ್ತಿಲ್ಲ ದೊಡ್ಡಪ್ಪ."

"ಕೊಡ್ಲಿಪೇಟೆ ಸುತ್ತ ಅಷ್ಟೂ ಮದ್ವೆ ಫೋಟೋ ತೆಗ್ದೋನು. ಅವನದೇ ಒಂದಿಲ್ಲ ಅಂದ್ರೆ!"

"ಆಧಾರ್ ಕಾರ್ಡಿಂದು ಇದೆ."

"ಅದ್ರಲ್ಲಿ ಕೋಳಿ ಕದ್ದು ಸಿಕ್ಕಿಬಿದ್ದೋನ ಥರ ಅವ್ನೆ." ನಗಲು ಹೋದ ಸಣ್ಣಸ್ವಾಮಿ ಟವೆಲಿನಿಂದ ಕಣ್ಣೊತ್ತಿಕೊಂಡರು.

ತೆರೆಯ ಮೇಲೆ ಅಪ್ಪ ರೇವಣ್ಣ ಕರಿ ಕೋಟು, ಪೇಟ ತೊಟ್ಟು, ಹಳೆ ಬಂಗಲೆಯೊಂದರ ಮೆಟ್ಟಿಲ ಮೇಲೆ ನಿಂತಿದ್ದ. ಫೋಟೋ ತೆಗೆದದ್ದು ಮೊನ್ನೆ ಮೊನ್ನೆ. ನೋಡಿದರೆ ಬ್ರಿಟಿಷರ ಕಾಲದ್ದು.

*

ಮಾದಾಪುರದ ಹತ್ತಿರ ಆ ಬಂಗಲೆಯನ್ನು ಕೊಂಡು ಹೋಮ್‌ಸ್ಟೇ ಮಾಡಿದವನು ಕೀರ್ತಿಕುಮಾರ್. ಅವನಿಗಾಗಿ ರೇವಣ್ಣ ಫೋಟೋದಿಂದ ಕರೆಂಟ್ ವೈರು ಅಳಿಸಿದ, ನೀರಿನ ಟ್ಯಾಂಕ್ ಅಳಿಸಿದ, ಹೊಸ ಬಣ್ಣ ಬಳಿದ ಗೋಡೆಯನ್ನು ಕಂದಾಗಿಸಿದ.

"ಇನ್ನೂ ಹಳೇದು ಕಾಣ್ಬೇಕು ರೇವಣ್ಣೋರೆ," ಎಂದ ಕೀರ್ತಿಕುಮಾರ್. "ಮೆಟ್ಟಿಲ ಮೇಲೊಬ್ರು ದೊಡ್ಡಮನುಷ್ಯರು ನಿಂತಿದ್ರೆ ಗತ್ತು."

ರೇವಣ್ಣ, ಪಾಸ್‌ಪೋರ್ಟ್ ಫೋಟೋಗೆ ಬಂದವರಿಗೆ ಕೊಡುವ ಸ್ಟುಡಿಯೋದ ಕೋಟನ್ನೇ ತೊಟ್ಟು, ಟೈಮರ್ ಇಟ್ಟು, ತಾನೇ ಹೋಗಿ ನಿಂತ. ಆ ಸಂಜೆ ಫೋಟೋದಲ್ಲಿನ ತನ್ನ ಕನ್ನಡಕ, ಕೈಗಡಿಯಾರಗಳನ್ನು ತಾನೇ ಅಳಿಸುತ್ತ ಕೂತ. ಹಳೆಯದೆನಿಸಲು ಕೆನ್ನೆಯ ಮೇಲೆ ಗೀರು ಎಳೆದ.

"ನೆಟ್ಟಗಿರೋ ಗೋಡೆಗೆ ಬಿರುಕು ಬಿಡಿಸ್ತಾ ಕೂತಿದೀನಿ ಕಣೇ," ಎಂದ ಪಕ್ಕದಲ್ಲಿದ್ದ ದಿವ್ಯಶ್ರೀಗೆ. "ನಿಜವಾಗ್ಲೂ ಬಿರುಕು ಬಿಟ್ಟಿರೋ ಛತ್ರದ ಫೋಟೋ ತೆಗ್ದಾಗ ಒಬ್ನೂ ಕೊಳ್ಲಿಲ್ಲ."

"ಮೂಲದ್ದು ಬೇರೆ ಎತ್ತಿಡಪ್ಪ."

"ಅದನ್ನ ಕೇಳೋರು ಯಾರು?" ಎಂದು, ಯಾವಾಗಲೂ ಮಾಡುವಂತೆ, ಮೂಲದ ಮೇಲೆಯೇ ಸೇವ್ ಒತ್ತಿದ.

ಫ್ರೇಮನ್ನು ಹೋಮ್‌ಸ್ಟೇಯ ಲಾಬಿಯಲ್ಲಿ ತೂಗುಹಾಕಲು ಅಪ್ಪ, ಮಗಳು ಇಬ್ಬರೂ ಹೋಗಿದ್ದರು. ಯಾರೋ ಪ್ರವಾಸಿ ಹೆಂಗಸು ಫೋಟೋ ನೋಡಿ ಯಾರಿವರು ಎಂದಳು. "ನಮ್ಮ ಮುತ್ತಾತ," ಎಂದ ಕೀರ್ತಿಕುಮಾರ್. ಸ್ಟೂಲಿನ ಮೇಲೆ, ಬಾಯಲ್ಲಿ ಮೊಳೆ ಕಚ್ಚಿಕೊಂಡಿದ್ದ ರೇವಣ್ಣನಿಗೆ ಆಕೆ ಮೊಬೈಲ್ ಎತ್ತಿ ಹೇಳಿದಳು: "ಸ್ವಲ್ಪ ಸೈಡಿಗೆ ಬರ್ತೀರಾ? ಅಡ್ಡ ಬರ್ತಿದೀರ."

ರೇವಣ್ಣ ಇಳಿದು ಪಕ್ಕಕ್ಕೆ ನಿಂತ.

*

ದಿವ್ಯಶ್ರೀ ಬರಿಗೈಲಿ ಮನೆಗೆ ಬಂದಳು. ಹೂವಿನ ವಿಮಾನದಲ್ಲಿ ಅಪ್ಪನನ್ನು ಕೂರಿಸಿದ್ದರು. ಹಣೆ ತುಂಬ ವಿಭೂತಿ. ಮೂಗಿನ ಮೇಲೆ ಕನ್ನಡಕ ಒತ್ತಿದ ಗುರುತು ಇನ್ನೂ ಹೋಗಿರಲಿಲ್ಲ.

ಜೀಪು ಬಂದು ನಿಂತಿತು. ಕೀರ್ತಿಕುಮಾರ್ ಹಿಂದಿನಿಂದ ದೊಡ್ಡ ಫ್ರೇಮ್ ಇಳಿಸಿದ. ಆಗಲೇ ಸೇವಂತಿಗೆ ಹಾರ ಹಾಕಿತ್ತು.

"ಫೋಟೋ ಇಲ್ಲ ಅಂತ ಗೊತ್ತಾಯ್ತು. ಲಾಬಿಯಿಂದ ಬಿಚ್ಚಿಸ್ಕೊಂಡು ಬಂದೆ," ಎಂದು, ದನಿ ತಗ್ಗಿಸಿ ಸೇರಿಸಿದ: "ಮಣ್ಣು ಮುಗಿದ್ಮೇಲೆ ವಾಪಸ್ ಕೊಟ್ರೆ ಸಾಕಮ್ಮ. ಸಂಜೆ ಗೆಸ್ಟ್ ಬರ್ತಾರೆ."

"ಇಸ್ಕೊಳ್ಳೇ," ಎಂದಳು ತಾಯಿ ಸುಲೋಚನಮ್ಮ, ಕೂತಲ್ಲಿಂದಲೇ. "ಬಿಸ್ಲು ಏರ್ತಿದೆ. ಜನ ಕಾಯ್ತಾವ್ರೆ."

ಸಣ್ಣಸ್ವಾಮಿ ಕೈ ಚಾಚಿದರು. ದಿವ್ಯಶ್ರೀ ನಡುವೆ ಬಂದು ನಿಂತಳು.

"ಬೇಡ."

"ಯಾಕಮ್ಮ? ನಿಮ್ಮಪ್ಪನೇ ಅಲ್ವಾ ಇದು?"

"ಅಲ್ಲ," ಎಂದಳು. "ನಿಮ್ಮ ಮುತ್ತಾತ. ತಗೊಂಡು ಹೋಗಿ."